ರೋಗಗಳ ಲೆಕ್ಕವಿದೆ, ರೋಗಿಯ ಲೆಕ್ಕವೆಲ್ಲಿ?

ಗೋಕರ್ಣದ ಓಂ ಬೀಚಿಗೆ ಇಳಿಯುವ ಮೆಟ್ಟಿಲುಗಳ ಬಳಿ ಎಳನೀರು ಮಾರುವ ಹಿರಿಯರೊಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಆ ಕಡೆ ಹೋದಾಗಲೆಲ್ಲ ಅವರಲ್ಲಿ ಒಂದು ಎಳನೀರು ಕುಡಿದು ನಾಲ್ಕು ಮಾತನಾಡುವುದು ನನ್ನ ರೂಢಿ. ಕಳೆದ ಸಲ ಹೋದಾಗ ಅವರ ಪಕ್ಕದಲ್ಲಿ ಬಟ್ಟೆ ಅಂಗಡಿಯ ಹೆಸರಿದ್ದ ಪ್ಲಾಸ್ಟಿಕ್ ಚೀಲವೊಂದಿತ್ತು. ಮಧ್ಯಾಹ್ನದ ಬಸ್ಸಿಗೆ ಕುಮಟೆಯ ಆಸ್ಪತ್ರೆಗೆ ಹೊರಟಿದ್ದರು. ನಿವೃತ್ತನಾದರೂ ವೈದ್ಯನ ಚಾಳಿ ಬಿಡುವುದಿಲ್ಲ. ಯಾವ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದೆ. 'ಎಲ್ಲಾ ಈ ಚೀಲದಲ್ಲೇ ಅದೆ ಡಾಕ್ಟ್ರೇ, ನೀವೇ ನೋಡಿ' ಎಂದು ಚೀಲವನ್ನೇ ನನ್ನ ಕೈಗಿತ್ತರು.

ಚೀಲದಲ್ಲಿ ಆರು ವರ್ಷಗಳ ಚೀಟಿಗಳಿದ್ದವು. ರಕ್ತದೊತ್ತಡಕ್ಕೆ ಸರ್ಕಾರಿ ಆಸ್ಪತ್ರೆಯ ಗುಳಿಗೆ. ಸಕ್ಕರೆ ಕಾಯಿಲೆಗೆ ಖಾಸಗಿ ವೈದ್ಯರೊಬ್ಬರ ಚೀಟಿ. ಎದೆನೋವು ಬಂದಾಗ ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಐದು ದಿನ ಮಲಗಿ ಬಂದುದರ ಇಂಗ್ಲಿಷ್ ಡಿಸ್ಚಾರ್ಜ್ ಸಮ್ಮರಿ. ಕಾಲು ಊದುತ್ತದೆಂದು ಅಲ್ಲಿಯೇ ಬರೆದುಕೊಟ್ಟ, ಮೂತ್ರ ಹೆಚ್ಚಿಸುವ ಗುಳಿಗೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಗುಳಿಗೆಗಳ ಅರ್ಧ ಖಾಲಿಯಾದ ಪಟ್ಟಿ. ರಕ್ತದೊತ್ತಡದ ಒಂದೇ ಔಷಧ ಎರಡು ಕಂಪನಿಗಳ ಎರಡು ಹೆಸರುಗಳಲ್ಲಿ ಎರಡು ಚೀಟಿಗಳಲ್ಲಿತ್ತು. ಅವರು ಎರಡನ್ನೂ ನುಂಗುತ್ತಿದ್ದರು. ಪ್ರತಿಯೊಂದು ಚೀಟಿಯೂ ತನ್ನಷ್ಟಕ್ಕೆ ಸರಿಯಾಗಿಯೇ ಇತ್ತು. ಎಲ್ಲವೂ ಕೂಡಿದಾಗ ತಪ್ಪಾಗುತ್ತಿತ್ತು. ಆ ತಪ್ಪು ಯಾವ ಆಸ್ಪತ್ರೆಯ ಪುಸ್ತಕದಲ್ಲಿಯೂ ಕಾಣಲು ಸಾಧ್ಯವಿರಲಿಲ್ಲ. ಏಕೆಂದರೆ ಎಲ್ಲ ಚೀಟಿಗಳೂ ಒಟ್ಟಿಗೆ ಇದ್ದದ್ದು ಆ ಚೀಲದಲ್ಲಿ ಮಾತ್ರ.

ಒಬ್ಬರಲ್ಲಿಯೇ ಎರಡು ಅಥವಾ ಅದಕ್ಕಿಂತ ಹೆಚ್ಚು ದೀರ್ಘಕಾಲದ ಕಾಯಿಲೆಗಳು ಬೀಡುಬಿಟ್ಟಿರುವ ಸ್ಥಿತಿಗೆ ವೈದ್ಯರು ಮಲ್ಟಿಮಾರ್ಬಿಡಿಟಿ ಎನ್ನುತ್ತಾರೆ. ಬಹುರೋಗ ಎಂದರೆ ನಮಗೆ ಸಾಕು. ಇದು ಅಪರೂಪದ ಸಂಗತಿಯೇನಲ್ಲ, ಇಂದಿನ ಮುಪ್ಪಿನ ಸಾಮಾನ್ಯ ರೂಪವೇ ಇದು. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇ 8.6ರಷ್ಟಿದ್ದರೆ ಕರ್ನಾಟಕದಲ್ಲಿ ಅವರ ಪಾಲು ಶೇ 9.5ರಷ್ಟಿತ್ತು. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ನಲವತ್ತೈದು ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು 2017-18ರಲ್ಲಿ ಸಂದರ್ಶಿಸಿ ನಡೆಸಿದ 'ಲಾಸಿ' ಸಮೀಕ್ಷೆಯ ವರದಿ 2021ರ ಜನವರಿಯಲ್ಲಿ ಬಿಡುಗಡೆಯಾಯಿತು. ಅದರಂತೆ ಅರವತ್ತು ದಾಟಿದವರಲ್ಲಿ ಶೇ 75ರಷ್ಟು ಮಂದಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ ಇದೆ. ಶೇ 40ರಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ಅಂಗವೈಕಲ್ಯವಿದೆ.

ಆದರೆ ನಮ್ಮ ಆರೋಗ್ಯ ವ್ಯವಸ್ಥೆಯ ಲೆಕ್ಕದ ಪುಸ್ತಕಗಳು ಬೇರೆಯೇ ಕಾಲದಲ್ಲಿ ಹುಟ್ಟಿದವು. ಮಲೇರಿಯಾಕ್ಕೆ ಒಂದು ಪುಸ್ತಕ, ಕ್ಷಯಕ್ಕೆ ಒಂದು, ಕುಷ್ಠಕ್ಕೆ ಒಂದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೂ ಹಾಗೆಯೇ. ಒಂದು ರೋಗ, ಒಂದು ಕಾರ್ಯಕ್ರಮ, ಒಂದು ವರದಿ. ಸಾಂಕ್ರಾಮಿಕಗಳ ಕಾಲಕ್ಕೆ ಅದು ಸರಿಯಾದ ಕ್ರಮವೇ ಆಗಿತ್ತು. 2010ರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗ, ಪಾರ್ಶ್ವವಾಯು ಮತ್ತು ಕ್ಯಾನ್ಸರಿಗೆಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗಲೂ ಹಳೆಯ ಅಭ್ಯಾಸ ಮುಂದುವರಿಯಿತು. ತಿಂಗಳ ಕೊನೆಯಲ್ಲಿ ಇಷ್ಟು ಮಂದಿಗೆ ರಕ್ತದೊತ್ತಡ, ಇಷ್ಟು ಮಂದಿಗೆ ಮಧುಮೇಹ ಎಂಬ ಅಂಕಿಗಳು ಮೇಲಕ್ಕೆ ಹೋಗುತ್ತವೆ. ಆ ಎರಡೂ ಪಟ್ಟಿಗಳಲ್ಲಿರುವ ಒಬ್ಬನೇ ಮನುಷ್ಯ ಲೆಕ್ಕದಲ್ಲಿ ಇಬ್ಬರಾಗುತ್ತಾನೆ. ಒಬ್ಬನಾಗಿ ಎಲ್ಲಿಯೂ ಉಳಿಯುವುದಿಲ್ಲ.

ಇಲ್ಲಿಯೇ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಹತ್ವ ಅರಿವಾಗುವುದು. ಒಬ್ಬ ವ್ಯಕ್ತಿಯ ಎಲ್ಲ ಭೇಟಿಗಳು, ಪರೀಕ್ಷೆಗಳು, ಔಷಧಗಳು ಒಂದು ಸಂಖ್ಯೆಯ ಅಡಿಯಲ್ಲಿ ಕೂಡಿಕೊಂಡರೆ ಯಾವ ರೋಗದ ಬೆನ್ನಿಗೆ ಯಾವ ರೋಗ ಬರುತ್ತದೆ, ಯಾವ ಔಷಧದ ಜೊತೆ ಯಾವುದು ಸೇರಿದರೆ ಅಪಾಯ ಎಂಬುದನ್ನು ಲಕ್ಷಾಂತರ ಜನರಲ್ಲಿ ನೋಡಬಹುದು. ಹೊಸ ಔಷಧಗಳ ಪ್ರಯೋಗಗಳು ಇದನ್ನು ಹೇಳಲಾರವು. ನಾಲ್ಕಾರು ಕಾಯಿಲೆಗಳಿರುವ ವೃದ್ಧರನ್ನು ಅಂಥ ಪ್ರಯೋಗಗಳು ಬಹುಮಟ್ಟಿಗೆ ಹೊರಗೇ ಇಡುತ್ತವೆ. ಔಷಧವನ್ನು ಪರೀಕ್ಷಿಸುವುದು ಒಂದೇ ಕಾಯಿಲೆ ಇರುವವರ ಮೇಲೆ, ನುಂಗಬೇಕಾದವರು ಐದು ಕಾಯಿಲೆ ಇರುವವರು!

ಸ್ಕಾಟ್ಲೆಂಡಿನ 314 ಚಿಕಿತ್ಸಾಲಯಗಳ ಸುಮಾರು 17.5 ಲಕ್ಷ ಜನರ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. 65ರಿಂದ 84ರ ವಯಸ್ಸಿನವರಲ್ಲಿ ಸುಮಾರು ಶೇ 65ರಷ್ಟು ಮಂದಿಗೆ ಬಹುರೋಗವಿರುವುದನ್ನು ಅದು ತೋರಿಸಿತು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು: ಬಡ ಪ್ರದೇಶಗಳಲ್ಲಿರುವವರಿಗೆ ಈ ಸ್ಥಿತಿ ಸಿರಿವಂತ ಪ್ರದೇಶಗಳವರಿಗಿಂತ 10ರಿಂದ 15 ವರ್ಷ ಮೊದಲೇ ಬರುತ್ತದೆ. ಅಂದರೆ ಬಡವನಿಗೆ ಮುಪ್ಪೂ ಬೇಗ. ಅನುಭವಸ್ಥರಿಗೆ ಇದು ಗೊತ್ತಿದ್ದದ್ದೇ. ಆದರೆ ಎಷ್ಟು ವರ್ಷ ಬೇಗ ಎಂದು ಹೇಳಲು ದಾಖಲೆಗಳೇ ಬೇಕಾದವು.

ಇನ್ನೊಂದು ಅಧ್ಯಯನ ನಮ್ಮ ಎಳನೀರಿನವರ ಚೀಲಕ್ಕೆ ನೇರವಾಗಿ ಸಂಬಂಧಿಸಿದ್ದು. ಬ್ರಿಟನ್ನಿನಲ್ಲಿ ಸಾಮಾನ್ಯ ವೈದ್ಯರ ದಾಖಲೆಗಳನ್ನು ಸಂಶೋಧನೆಗೆಂದು ಹೆಸರಿಲ್ಲದಂತೆ ಒಟ್ಟುಗೂಡಿಸುವ ಕೆಲಸ 1987ರಿಂದ ನಡೆದಿದೆ. ಆ ಭಂಡಾರದಿಂದ ರಕ್ತದೊತ್ತಡದ ಔಷಧ ಸೇವಿಸುತ್ತಿದ್ದ 4.87 ಲಕ್ಷ ಜನರ ವಿವರ ತೆಗೆದು 2013ರಲ್ಲಿ ಸಂಶೋಧಕರು ಒಂದು ಪ್ರಶ್ನೆಗೆ ಉತ್ತರ ಕಂಡುಕೊಂಡರು. ರಕ್ತದೊತ್ತಡದ ಕೆಲವು ಬಗೆಯ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ನೋವಿನ ಗುಳಿಗೆ ಈ ಮೂರೂ ಒಟ್ಟಿಗೆ ಸೇರಿದಾಗ ಮೂತ್ರಪಿಂಡಕ್ಕೆ ಹಠಾತ್ ಹಾನಿಯಾಗುವ ಪ್ರಮಾಣ ಶೇ 31ರಷ್ಟು ಹೆಚ್ಚುತ್ತದೆ. ಮೊದಲ 30 ದಿನಗಳಲ್ಲಿ ಆ ಹೆಚ್ಚಳ ಶೇ 82ರಷ್ಟು.

ಈ ಅಂಕಿಗಳನ್ನು ಓದಿದಾಗ ನನಗೆ ನೆನಪಾದದ್ದು ನನ್ನದೇ ಒಂದು ಚೀಟಿ. ವೃತ್ತಿಯಲ್ಲಿದ್ದ ಕಾಲದಲ್ಲಿ ಅರವತ್ತೆಂಟರ ಮಹಿಳೆಯೊಬ್ಬರು ಮಂಡಿನೋವೆಂದು ಬಂದಿದ್ದರು. ನೋವಿನ ಗುಳಿಗೆ ಬರೆದುಕೊಟ್ಟೆ. ಬೇರೇನು ಔಷಧ ನಡೆದಿದೆ ಎಂದು ಕೇಳಲಿಲ್ಲ. ಹೊರಗೆ ಎಂಬತ್ತು ಜನರ ಸಾಲಿತ್ತು. ರಕ್ತದೊತ್ತಡಕ್ಕೂ ಕಾಲಿನ ಬಾವಿಗೂ ಬೇರೆ ವೈದ್ಯರ ಗುಳಿಗೆಗಳು ಅದಾಗಲೇ ನಡೆದಿದ್ದವು. ಹದಿನೈದನೆಯ ದಿನ ಅವರ ಮಗ ಅವರನ್ನು ಎತ್ತಿಕೊಂಡು ಬಂದ. ಮುಖ ಊದಿತ್ತು, ಮೂತ್ರ ನಿಂತುಹೋಗಿತ್ತು. ಬದುಕಿದರೇನೋ ನಿಜ, ಆದರೆ ಅವರ ಮೂತ್ರಪಿಂಡ ಮತ್ತೆ ಮೊದಲಿನಂತಾಗಲಿಲ್ಲ. 'ನೀವು ಕೊಟ್ಟ ಗುಳಿಗೆಯಿಂದ ಮಂಡಿನೋವು ಕಡಿಮೆಯಾಗಿತ್ತು' ಎಂದು ಆಕೆ ನನಗೆ ಕೈಮುಗಿದರು. ಆ ಕೈಮುಗಿತ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸಾಲು ಉದ್ದವಿತ್ತೆಂಬುದು ಕಾರಣವಾಗಬಹುದು, ಸಮರ್ಥನೆಯಾಗದು. ಆಕೆಯ ಎಲ್ಲ ಔಷಧಗಳೂ ನನ್ನ ಮೇಜಿನ ಮೇಲೆ ಒಂದೇ ಹಾಳೆಯಲ್ಲಿ ಇದ್ದಿದ್ದರೆ ಆ ಗುಳಿಗೆ ಬರೆಯುವ ಮೊದಲು ನನ್ನ ಪೆನ್ನು ಖಂಡಿತ ತಡೆಯುತ್ತಿತ್ತು.

ಹಾಗಾದರೆ ನಮ್ಮಲ್ಲಿ ಏನೂ ಆಗಿಲ್ಲವೇ? ಆಗಿದೆ. ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳನ್ನು ಕೇಂದ್ರ ಸರ್ಕಾರ 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಜಾರಿಗೆ ಬಂತು. ಪ್ರತಿಯೊಬ್ಬರಿಗೂ 14 ಅಂಕಿಗಳ 'ಆಭಾ' ಸಂಖ್ಯೆ. ಅದರ ಮೂಲಕ, ವ್ಯಕ್ತಿಯ ಒಪ್ಪಿಗೆ ಪಡೆದು, ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆ ನೋಡುವಂತಾಗಬೇಕೆಂಬುದು ಉದ್ದೇಶ. 2025ರ ಹೊತ್ತಿಗೆ ಇಂಥ 70 ಕೋಟಿಗೂ ಹೆಚ್ಚು ಸಂಖ್ಯೆಗಳನ್ನು ನೀಡಲಾಗಿತ್ತು. ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ದಾಖಲೆ ಇದೆಯೆಂದಾಗದು. ಬ್ಯಾಂಕಿನಲ್ಲಿ ಖಾತೆ ತೆರೆದ ಮಾತ್ರಕ್ಕೆ ಹಣ ಬಾರದಷ್ಟೆ. ಎಳನೀರಿನವರ ಚೀಲದಲ್ಲಿ ಆಭಾ ಕಾರ್ಡ್ ಕೂಡ ಇತ್ತು, ಲ್ಯಾಮಿನೇಷನ್ ಮಾಡಿಸಿಟ್ಟದ್ದು. ಅದರ ಹಿಂದೆ ಒಂದೇ ಒಂದು ಚೀಟಿಯೂ ಸೇರಿರಲಿಲ್ಲ.

ಉತ್ತರ ಕನ್ನಡದ ಕರಾವಳಿಯಲ್ಲಿ ಈ ಕೊರತೆ ಇನ್ನಷ್ಟು ತೀವ್ರ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ರೋಗಿ ಸಣ್ಣ ಕಾಯಿಲೆಗೆ ಊರಿನಲ್ಲಿರುತ್ತಾನೆ. ದೊಡ್ಡದಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗುತ್ತಾನೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದದ್ದೇ 2016ರಲ್ಲಿ. ಗೋವಾ ವೈದ್ಯಕೀಯ ಕಾಲೇಜು 2018ರ ಜನವರಿಯಿಂದ ಹೊರ ರಾಜ್ಯದವರಿಗೆ ಶುಲ್ಕ ವಿಧಿಸತೊಡಗಿದಾಗ ಈ ಜಿಲ್ಲೆಯ ಬಡವರಿಗೆ ಅದರ ಬಿಸಿ ತಟ್ಟಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ಮೃತಪಟ್ಟರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು, ಇಲ್ಲದಿದ್ದರೆ ಮತ ಇಲ್ಲ ಎಂಬ ಕೂಗು ಆಗ ಜೋರಾಗಿ ಎದ್ದಿತು. ಆ ಬೇಡಿಕೆ ಸಂಪೂರ್ಣ ನ್ಯಾಯವಾದದ್ದು. ಕಂಪ್ಯೂಟರ್ ದಾಖಲೆ ಆಸ್ಪತ್ರೆಗೆ ಬದಲಿಯಾಗದು ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಆದರೆ ರೋಗಿ ನಾಲ್ಕು ದಿಕ್ಕಿಗೆ ಅಲೆದಾಗ ಅವನ ಚರಿತ್ರೆಯೂ ನಾಲ್ಕು ದಿಕ್ಕಿಗೆ ಚದುರುತ್ತದೆ. ಜಿಲ್ಲೆಯಲ್ಲಿ ಯಾವ ತಜ್ಞರು ಬೇಕು, ಡಯಾಲಿಸಿಸ್ ಘಟಕ ಎಲ್ಲಿ ಬೇಕು, ಹೃದಯದ ವೈದ್ಯರು ಎಲ್ಲಿರಬೇಕು ಎಂದು ಹಕ್ಕಿನಿಂದ ಕೇಳಲು ಬೇಕಾದ ಪುರಾವೆಯೂ ಅದರೊಂದಿಗೆ ಜಿಲ್ಲೆಯಿಂದ ಹೊರಗೆ ಹೋಗಿಬಿಡುತ್ತದೆ. ಮಣಿಪಾಲದಲ್ಲಿಯೋ ಗೋವಾದಲ್ಲಿಯೋ ದಾಖಲಾದ ಕುಮಟೆಯ ಹೃದ್ರೋಗಿ ಕುಮಟೆಯ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ದಾಖಲೆಯಲ್ಲಿ ರೋಗವಿಲ್ಲ ಎಂದರೆ ದೇಹದಲ್ಲಿ ಇಲ್ಲವೆಂದು ಅರ್ಥವಲ್ಲ. ಯಾರೂ ಪರೀಕ್ಷಿಸಿಲ್ಲ ಎಂದೂ ಆಗಬಹುದು. ಲಾಸಿ ಸಮೀಕ್ಷೆಯಲ್ಲಿ ನೆರೆಯ ಕೇರಳದ ಹಿರಿಯರಲ್ಲಿ ಬಹುರೋಗ ಹೆಚ್ಚಾಗಿ ಕಂಡುಬಂತು. ಅಲ್ಲಿ ವೃದ್ಧರು ಹೆಚ್ಚು ಎಂಬುದು ಒಂದು ಕಾರಣ; ವೈದ್ಯರ ಬಳಿ ಹೋಗಿ ರೋಗವನ್ನು ಪತ್ತೆ ಮಾಡಿಸಿಕೊಂಡವರು ಹೆಚ್ಚು ಎಂಬುದು ಇನ್ನೊಂದು. ಗುಡ್ಡದ ಮೇಲಿನ ಹಾಲಕ್ಕಿ ಕೇರಿಯಿಂದ ಕೆಳಗಿಳಿಯಲಾರದ ಅಜ್ಜಿ ಯಾವ ಕಂಪ್ಯೂಟರಿನಲ್ಲಿಯೂ ಇಲ್ಲ. ಆಸ್ಪತ್ರೆಯ ದಾಖಲೆಗಳನ್ನಷ್ಟೇ ನಂಬಿ ಅಧ್ಯಯನ ಮಾಡಿದರೆ ಆಕೆ ಆರೋಗ್ಯವಂತಳೆಂದೇ ತೀರ್ಮಾನವಾದೀತು! ಆದ್ದರಿಂದ ದಾಖಲೆಗಳ ಜೊತೆಗೆ ಮನೆಮನೆಗೆ ಹೋಗಿ ನೋಡುವ ಅಧ್ಯಯನಗಳೂ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಲವತ್ತೈದು ದಾಟಿದ 10 ಸಾವಿರ ಗ್ರಾಮೀಣರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯೊಂದಿಗೆ ಅಂಥ ಕೆಲಸ ಕೈಗೊಂಡಿದೆ. ಕರಾವಳಿಯ ಮೀನುಗಾರ ಕೇರಿಗಳಿಗೂ ಗದ್ದೆಬಯಲಿಗೂ ಇಂಥದೊಂದು ಕಣ್ಣು ಬೇಡವೇ?

ಒಬ್ಬ ವ್ಯಕ್ತಿಯನ್ನು ಇಡಿಯಾಗಿ ದಾಖಲಿಸುವುದು ನಮ್ಮಿಂದಾಗದು ಎಂದು ಹೇಳುವವರಿಗೆ ನಾನು ತಾಯಿ ಕಾರ್ಡನ್ನು ತೋರಿಸುತ್ತೇನೆ. ನಮ್ಮ ರಾಜ್ಯದಲ್ಲಿ ಗರ್ಭಿಣಿಯ ಕೈಯಲ್ಲಿ ಆ ಕಾರ್ಡ್ ಇರುತ್ತದೆ. ತವರಿಗೆ ಹೋದರೂ, ಗಂಡನ ಮನೆಗೆ ಬಂದರೂ, ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಮೊದಲು ಕೇಳುವುದು ತಾಯಿ ಕಾರ್ಡ್ ಎಲ್ಲಿ ಎಂದು. ರಕ್ತದ ಗುಂಪು, ತೂಕ, ಚುಚ್ಚುಮದ್ದು, ಹಿಂದಿನ ಹೆರಿಗೆ ಎಲ್ಲವೂ ಅದರಲ್ಲಿ. 2009ರಲ್ಲಿ ತಾಯಿ ಮತ್ತು ಮಗುವನ್ನು ಹೆಸರು ಹಿಡಿದು ಹಿಂಬಾಲಿಸುವ ಕಂಪ್ಯೂಟರ್ ವ್ಯವಸ್ಥೆಯನ್ನೂ ಕೇಂದ್ರ ಸರ್ಕಾರ ಆರಂಭಿಸಿತು. ಮಗುವನ್ನು ಹೊತ್ತ ತಾಯಿಗೆ ಆದದ್ದು ಆ ಮಗುವಿನ ಅಜ್ಜಿಗೆ ಏಕೆ ಆಗಬಾರದು? ತಂತ್ರಜ್ಞಾನ ಅಡ್ಡಿಯಾಗಿಲ್ಲ. ಹೆರಿಗೆಯ ಸಾವಿಗೆ ಜಿಲ್ಲಾಡಳಿತ ಉತ್ತರ ಹೇಳಬೇಕು; ಗುಳಿಗೆಗಳ ಗೊಂದಲದಲ್ಲಿ ಸತ್ತ ಮುದುಕರಿಗೆ ವಯಸ್ಸಾಗಿತ್ತು ಎಂಬುದೇ ಉತ್ತರ. ನಿಜವಾದ ಅಡ್ಡಿ ಇದು.

ಖಾಸಗಿತನದ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿಯಾಗಿ ದಿನಗಟ್ಟಲೆ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. ಇಂಗ್ಲೆಂಡಿನಲ್ಲಿ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಲು 2013ರಲ್ಲಿ ಪ್ರಕಟಿಸಿದ ಯೋಜನೆಯೊಂದನ್ನು, ಮಾಹಿತಿ ಯಾರ ಕೈಸೇರುತ್ತದೆ ಎಂದು ಜನರಿಗೆ ಸರಿಯಾಗಿ ತಿಳಿಸದ ಕಾರಣ ವಿರೋಧ ಭುಗಿಲೆದ್ದು, 2016ರಲ್ಲಿ ಮುಚ್ಚಬೇಕಾಯಿತು. ದಾಖಲೆಗಳ ಅಧ್ಯಯನಕ್ಕೆ ಹೆಸರಾದ ದೇಶವೇ ಜನರ ನಂಬಿಕೆ ಕಳೆದುಕೊಂಡು ಹಿಂದೆ ಸರಿದ ಪ್ರಸಂಗವಿದು. ನಮ್ಮ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಂಶೋಧನೆಗೆ, ನಿಗದಿತ ಮಾನದಂಡ ಪಾಲಿಸುವ ಷರತ್ತಿನ ಮೇಲೆ, ವಿನಾಯಿತಿ ನೀಡುತ್ತದೆ. ಆ ವಿನಾಯಿತಿಯ ಬಾಗಿಲಿನಿಂದ ವಿಮೆ ಕಂಪನಿಗಳೂ ಔಷಧ ವ್ಯಾಪಾರಿಗಳೂ ನುಸುಳದಂತೆ ಕಾಯುವವರು ಯಾರು ಎಂಬುದು ಮೊದಲೇ ನಿರ್ಧಾರವಾಗಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನೇ ಒಪ್ಪಿಗೆ ಎನ್ನುವ ಚಾಳಿ ಇಲ್ಲಿ ಸಲ್ಲದು.

ಆಗಬೇಕಾದದ್ದು ಮಹಾಯೋಜನೆಯೇನಲ್ಲ. ಕುಮಟಾದಂಥ ಒಂದೇ ತಾಲ್ಲೂಕಿನಲ್ಲಿ ಆರಂಭಿಸೋಣ. ಅರವತ್ತು ದಾಟಿದ ಪ್ರತಿಯೊಬ್ಬರಿಗೂ ತಾಯಿ ಕಾರ್ಡಿನ ಮಾದರಿಯ ಒಂದು ಹಿರಿಯರ ಕಾರ್ಡ್ ಇರಲಿ. ಅದು ಕನ್ನಡದಲ್ಲಿರಲಿ, ದೊಡ್ಡ ಅಕ್ಷರಗಳಲ್ಲಿರಲಿ. ಇರುವ ಕಾಯಿಲೆಗಳೆಲ್ಲ ಒಂದು ಕಡೆ, ನುಂಗುವ ಔಷಧಗಳೆಲ್ಲ ಇನ್ನೊಂದು ಕಡೆ. ಔಷಧದ ಹೆಸರು ಕಂಪನಿಯದಲ್ಲ, ಮೂಲದ್ದು. ಅದೇ ವಿವರ ಆಭಾ ಸಂಖ್ಯೆಯ ಅಡಿಯಲ್ಲಿ ಕಂಪ್ಯೂಟರಿಗೂ ಸೇರಲಿ. ಮೂವತ್ತು ದಾಟಿದವರ ತಪಾಸಣೆಗೆಂದು ಮನೆಮನೆಗೆ ಹೋಗಿ ನಮೂನೆ ತುಂಬಿಸುವ ಆಶಾ ಕಾರ್ಯಕರ್ತೆಯರು ಈ ಕೆಲಸವನ್ನೂ ಮಾಡಬಲ್ಲರು. ಆದರೆ ಅದಕ್ಕೆ ತಕ್ಕ ಗೌರವಧನ ಕೊಟ್ಟು ಮಾಡಿಸಬೇಕು. ಜಿಲ್ಲೆಯ ಹೊರಗಿನ ಆಸ್ಪತ್ರೆಗಳು ಬಿಡುಗಡೆಯ ಸಾರಾಂಶವನ್ನು ರೋಗಿಯ ಸಂಖ್ಯೆಗೆ ಸೇರಿಸುವುದು ಕಡ್ಡಾಯವಾಗಲಿ. ಸರ್ಕಾರದ ವಿಮೆ ಹಣ ಪಡೆಯುವ ಆಸ್ಪತ್ರೆಗಳಿಗಂತೂ ಇದನ್ನು ಷರತ್ತಾಗಿ ವಿಧಿಸಬಹುದು. ತಿಂಗಳ ವರದಿಯಲ್ಲಿ ಎರಡು, ಮೂರು, ನಾಲ್ಕು ಕಾಯಿಲೆಗಳಿರುವವರು ಎಷ್ಟು ಮಂದಿ ಎಂಬ ಒಂದು ಕಾಲಂ ಬರಲಿ. ಸಂಶೋಧಕರಿಗೆ ಹೆಸರು, ವಿಳಾಸ ತೆಗೆದ ದಾಖಲೆಗಳು ಮಾತ್ರ ದೊರೆಯಲಿ. ಯಾರಿಗೆ, ಏತಕ್ಕೆ ಕೊಡಲಾಯಿತು ಎಂಬುದು ಜನರಿಗೆ ತಿಳಿಯುವಂತಿರಲಿ.

ಮುಖ್ಯವಾಗಿ, ದಾಖಲೆ ಮೊದಲು ರೋಗಿಗೆ ಉಪಯೋಗವಾಗಬೇಕು, ಸಂಶೋಧನೆ ಆಮೇಲೆ. ಮುಂದಿನ ಸಲ ಹೋದಾಗ ವೈದ್ಯರು ತನ್ನ ಕಥೆಯನ್ನು ಮತ್ತೆ ಮೊದಲಿನಿಂದ ಕೇಳುವುದಿಲ್ಲ ಎಂದು ಗೊತ್ತಾದರೆ ಯಾವ ಹಿರಿಯರೂ ಆ ಕಾರ್ಡನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ. ಚಿಕಿತ್ಸೆಗೆ ನೆರವಾಗುವ ದಾಖಲೆಯನ್ನು ವೈದ್ಯರೂ ಅಸಡ್ಡೆಯಿಂದ ಬರೆಯುವುದಿಲ್ಲ. ಹಾಗೆ ಬರೆದ ದಾಖಲೆಯಿಂದಷ್ಟೇ ನಂಬಬಹುದಾದ ಅಧ್ಯಯನ ಹುಟ್ಟೀತು.

ಅಂದು ಓಂ ಬೀಚಿನ ಮೆಟ್ಟಿಲ ಬಳಿ ಕುಳಿತು ಆ ಚೀಲದ ಚೀಟಿಗಳನ್ನೆಲ್ಲ ಹರಡಿ, ಒಂದು ಬಿಳಿ ಹಾಳೆಯಲ್ಲಿ ಕಾಯಿಲೆಗಳನ್ನೂ ಔಷಧಗಳನ್ನೂ ಸಾಲಾಗಿ ಬರೆದೆ. ಎರಡು ಸಲ ಬಂದ ಔಷಧದ ಕೆಳಗೆ ಗೆರೆ ಎಳೆದೆ. ನೋವಿನ ಗುಳಿಗೆಯ ಪಕ್ಕದಲ್ಲಿ ಮೂತ್ರಪಿಂಡದ ಪರೀಕ್ಷೆ ಆಗಲಿ ಎಂದು ಬರೆದೆ. ಕುಮಟೆಯ ವೈದ್ಯರಿಗೆ ಮೊದಲು ಇದನ್ನೇ ತೋರಿಸಿ ಎಂದೆ. ಇಪ್ಪತ್ತು ನಿಮಿಷದ ಕೆಲಸ. ಅವರು ಹಾಳೆಯನ್ನು ನಾಲ್ಕಾಗಿ ಮಡಚಿ, ಚೀಲಕ್ಕೆ ಹಾಕದೆ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿಗೆ ಹೊರಟರು. ಆರು ವರ್ಷಗಳಲ್ಲಿ ಅಷ್ಟೊಂದು ಕಡೆ ಅಲೆದವರಿಗೆ ಆ ಒಂದು ಹಾಳೆಯನ್ನು ಬರೆದುಕೊಡಲು ನಮ್ಮ ವ್ಯವಸ್ಥೆಗೆ ಇಪ್ಪತ್ತು ನಿಮಿಷ ಸಿಕ್ಕಿರಲಿಲ್ಲ. ಆ ಹಾಳೆ ದಾರಿಯಲ್ಲಿ ಬರುವ ಯಾವನೋ ನಿವೃತ್ತ ವೈದ್ಯನ ಕೃಪೆಯಾಗಬಾರದು, ಪ್ರತಿ ಹಿರಿಯರ ಹಕ್ಕಾಗಬೇಕು.